ಉಂಗುರದ ಕುರುಬರು

ಕಾಲು ನೆಲಕ್ಕೆ ತಾಕುತ್ತಿಲ್ಲ, ಬೆಂಚು ಎತ್ತರವೋ ನಾನು ಕುಗ್ಗಿದ್ದೇನೋ, ಪಾದ ಚಾಚಿದರೆ ಸಿಮೆಂಟಿನ ತಣುಪು ಒಂದಿಷ್ಟು ಸಿಕ್ಕುತ್ತದೆ, ಸಿಕ್ಕಿದಂತಾಗಿ ತಪ್ಪುತ್ತದೆ, ದೇವರ ಮುಂದೆ ಹೀಗೆ ಕಾಲು ಇಳಿಬಿಟ್ಟು ಕೂರುವುದನ್ನು ಯಾರು ಕಲಿಸಿದರೋ ಇವರಿಗೆ, ನಮ್ಮ ಬೀರಪ್ಪನ ಗುಡಿಯಲ್ಲಾದರೆ ನೆಲಕ್ಕೆ ಕೂತರೆ ಮುಗಿಯಿತು, ದೇವರೂ ನೆಲದ ಮೇಲೆ, ನಾವೂ ನೆಲದ ಮೇಲೆ — ಸುಣ್ಣದ ವಾಸನೆ ಇನ್ನೂ ಹಸಿಯಾಗಿದೆ, ಮೊನ್ನೆ ಹೊಡೆದಿರಬೇಕು, ಈ ಮದುವೆಗೆಂದೇ ಹೊಡೆದರೋ ಅವರದೇ ಯಾವುದಾದರೂ ಹಬ್ಬಕ್ಕೋ, ಕೇಳಿದರೆ ಹೇಳುತ್ತಾರೆ, ಆದರೆ ಕೇಳುವುದಿಲ್ಲ, ಕೇಳಬೇಕಾದ್ದು ಬೇರೆ ಇದೆ, ಅದಕ್ಕೆಂದು ಬಾಯಿ ಉಳಿಸಿಕೊಂಡಿದ್ದೇನೆ. ಕಿಟಕಿಯ ಆಚೆ ಕೋಟೆಯ ಬಂಡೆ ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದೆ, ದುರ್ಗದಲ್ಲಿ ಎಲ್ಲಿ ಕೂತರೂ ಅದು ಕಾಣುತ್ತದೆ, ಚರ್ಚಿನೊಳಗಿಂದಲೂ ಕಾಣುತ್ತದೆ ಎಂದು ಗೊತ್ತಿರಲಿಲ್ಲ, ಕಂಡದ್ದು ಒಳ್ಳೆಯದಾಯಿತು, ಗುರುತಿನವರು ಒಬ್ಬರಾದರೂ ಇದ್ದಾರೆ. ಮುಂದೆ ಅಯ್ಯನವರು ನಿಂತು ಹೇಳುತ್ತಿದ್ದಾರೆ, ಪಾದ್ರಿಗೆ ಇವರು ಅಯ್ಯನವರು ಎನ್ನುತ್ತಾರೆ, ಮೈಸೂರು ಕಡೆಯ ಮೆತ್ತನೆಯ ಮಾತು, ಬರುವ ಗುರುವಾರ ಬೆಳಿಗ್ಗೆ ಗಂಟೆ ಬಾರಿಸಿದ ಮೇಲೆ ಗಂಡು ಮೊದಲು ಬಂದು ಇಲ್ಲಿ ಬಲಗಡೆ ನಿಲ್ಲಬೇಕು, ಆಮೇಲೆ ಹಾಡು, ಹಾಡು ಶುರುವಾದ ಮೇಲೆ ಹೆಣ್ಣು ಆ ದೊಡ್ಡ ಬಾಗಿಲಿನಿಂದ ಒಳಗೆ ಬರಬೇಕು, ಅವಸರ ಬೇಡ, ನಿಧಾನ. ಗಂಡು ಜೀವರತ್ನ ತಲೆ ಆಡಿಸುತ್ತಾನೆ, ಅವನ ತಾಯಿ ದೀನಮ್ಮ ತಲೆ ಆಡಿಸುತ್ತಾಳೆ, ನನ್ನ ಮೊಮ್ಮಗಳು ತಿಪ್ಪಿ — ಊರಿಗೆಲ್ಲ ತಿಪ್ಪಮ್ಮ, ನನಗೆ ಮಾತ್ರ ತಿಪ್ಪಿ — ಅವಳೂ ತಲೆ ಆಡಿಸುತ್ತಾಳೆ, ಆಚೆ ಬೆಂಚಿನಲ್ಲಿ ಸತ್ಯನಾಥ ಮೇಷ್ಟ್ರು, ಬಿಳಿ ಪಂಚೆ, ಕರಿ ಕೋಟು, ಚರ್ಚಿನ ಹಿರಿಯರಂತೆ, ಅವರು ಯಾಕೆ ಬಂದಿದ್ದಾರೆ ಎಂದು ಬಸ್ಸಿಂದ ಇಳಿದಾಗ ನನಗೆ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ. ಹೆಣ್ಣಿನ ಕಡೆಯಿಂದ ಕೊಡುವವರು ಯಾರೂ ಇಲ್ಲವಾದ್ದರಿಂದ, ಎಂದರು ಅಯ್ಯನವರು, ಹೌದು, ಹಾಗೇ ಅಂದರು, ನಾನು ಇಷ್ಟು ಹತ್ತಿರ ಕೂತಿದ್ದೇನೆ, ಯಾರೂ ಇಲ್ಲವಾದ್ದರಿಂದ ತಂದೆಯ ಸ್ಥಾನದಲ್ಲಿ ನಮ್ಮ ಸತ್ಯನಾಥ ಮೇಷ್ಟ್ರು ಹುಡುಗಿಯನ್ನು ಕರೆದುಕೊಂಡು ಬಂದು ಒಪ್ಪಿಸಿಕೊಡುತ್ತಾರೆ. ಯಾರೂ ಇಲ್ಲವಾದ್ದರಿಂದ.

ಹೊಳಲ್ಕೆರೆ ಸಂತೆಯಲ್ಲಿ ಯಾರಾದರೂ ಈ ಮಾತು ಅಂದಿದ್ದರೆ ಅಲ್ಲೇ ಸೆರಗು ಸಿಕ್ಕಿಸಿ ಕೇಳುತ್ತಿದ್ದೆ, ಇಲ್ಲಿ ಸುಮ್ಮನಿದ್ದೇನೆ, ಸುಮ್ಮನಿರುವುದು ನನಗೆ ಕಷ್ಟವಲ್ಲ, ಕುರಿಯ ಹಿಂದೆ ತಿರುಗಿದವರಿಗೆ ಮಾತು ಕಮ್ಮಿ, ಕಾಯುವುದು ಜಾಸ್ತಿ, ಹಳ್ಳ ಇಳಿಯಲಿ ಎಂದು ಕಾದಿದ್ದೇನೆ, ಕುರಿ ಈಯಲಿ ಎಂದು ಕಾದಿದ್ದೇನೆ, ಇವರ ಮಾತೂ ಒಂದು ಸುತ್ತು ಬಂದು ನಿಲ್ಲಲಿ. ಏಕನಾಥಮ್ಮ ಬಾಯಿ ಸತ್ತವಳು ಎಂದು ನನ್ನನ್ನು ಊರಲ್ಲಿ ಅನ್ನುತ್ತಿದ್ದರು, ಈಗ ಅನ್ನುವುದಿಲ್ಲ, ಈಗ ಉಂಗುರದಜ್ಜಿ ಅನ್ನುತ್ತಾರೆ, ರಾಮಗಿರಿಯಲ್ಲಿ ರೈಲಿಳಿದು ನಮ್ಮೂರಿನ ದಾರಿ ಕೇಳಿದರೆ ಸಾಕು, ಉಂಗುರದಜ್ಜಿಯ ಊರಾ ಎಂದು ಕೇಳುವಷ್ಟು ಹಬ್ಬಿದೆ, ಅದೂ ಈ ದೀನಮ್ಮನ ಮನೆಯಿಂದ ಬಂದ ಹೆಸರೇ. ಮೈಸೂರು ಹೋಗಿ ಕರ್ನಾಟಕ ಆಯಿತೆಂದು ಇಸ್ಕೂಲಿನಲ್ಲಿ ಮಿಠಾಯಿ ಹಂಚಿದ ವರ್ಷ ನಮ್ಮೂರಿಗೆ ಕರೆಂಟು ಕಂಬ ಬಂದವು, ಕಂಬದ ಜೊತೆ ಈ ಜೀವರತ್ನ ಬಂದ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೋತಿಯ ಹಾಗೆ ಹತ್ತುತ್ತಿದ್ದ, ಮೇಲಿಂದಲೇ ನಮ್ಮ ಜಗುಲಿಯ ಕಡೆ ನೋಡಿ ಅಜ್ಜೀ ಒಂದು ಚೊಂಬು ನೀರು ಕೊಡ್ರಿ ಅನ್ನುತ್ತಿದ್ದ, ತಿಪ್ಪಿ ಚೊಂಬು ತೆಗೆದುಕೊಂಡು ಹೋದಳು, ಬಂದಳು, ಮತ್ತೆ ಹೋದಳು, ಒಬ್ಬ ಮನುಷ್ಯ ಅಷ್ಟು ನೀರು ಕುಡಿಯುವುದನ್ನು ನಾನು ನೋಡಿರಲಿಲ್ಲ, ಅಷ್ಟು ಕುಡಿದೂ ಕಂಬದ ಮೇಲೆ ಹೇಗೆ ಇರುತ್ತಾನೆ ಎಂದು ನನಗೇ ನಗು. ಆಮೇಲೆ ಒಂದು ದಿನ ಅವಳು ನೀರೂ ಇಲ್ಲದೆ ಹೋದಳು, ನಾನು ಕಂಡೂ ಕಾಣದ ಹಾಗೆ ಉಣ್ಣೆ ನೂಲುತ್ತಾ ಕೂತೆ. ಅವನು ಅಂಥವನಲ್ಲ, ಕದ್ದು ಓಡಿಸಿಕೊಂಡು ಹೋಗಲಿಲ್ಲ, ತಾಯಿಯನ್ನು ಕರೆತಂದು ಜಗುಲಿಯ ಮೇಲೆ ಕೂರಿಸಿ ಕೇಳಿಸಿದ, ನಾನು ದುರ್ಗಕ್ಕೆ ಮನೆ ನೋಡಲು ಬಂದೆ. ಗೋಡೆಯ ಮೇಲೆ ಕ್ಯಾಲೆಂಡರು, ಅದರಲ್ಲಿ ಒಬ್ಬ ಗಡ್ಡದವನು, ಕೈಯಲ್ಲಿ ಕೋಲು, ಹೆಗಲ ಮೇಲೆ ಕುರಿಮರಿ, ಹಿಂದೆ ಮಂದೆ, ನಾನು ಅದನ್ನೇ ನೋಡುತ್ತಾ ನಿಂತೆ, ನಮ್ಮ ಮನೆಯವರು ಸತ್ತು ಎಷ್ಟು ಕಾಲವಾಯಿತು, ಧರ್ಮಪುರದ ಆಚೆ ತೆಲುಗರ ಹೊಲದಲ್ಲಿ ಮಂದೆ ಹಾಕಿ ಬೆಳಿಗ್ಗೆ ಎದ್ದು ಬರುವಾಗ ಹೀಗೇ, ನಡೆಯಲಾರದ ಮರಿಯನ್ನು ಹೀಗೇ ಹೊತ್ತು ಬರುತ್ತಿದ್ದರು. ಇದು ಯಾರವ್ವ ಎಂದೆ. ದೀನಮ್ಮ ಕೈ ಮುಗಿದು ಆತನೇ ನಮ್ಮ ಕುರುಬ ಅಜ್ಜಿ, ನಾವೆಲ್ಲಾ ಆತನ ಮಂದೆ ಅಂದಳು. ಚರ್ಚಿಗೆ ಹೋಗುವವರು ಎಂದು ನನಗೆ ಗೊತ್ತಿಲ್ಲದ್ದೇನಲ್ಲ, ಯಾವ ಗುಡಿಗೆ ಹೋದರೇನು ಜಾತಿ ಜಾತಿಯೇ ಅಲ್ಲವೇ ಎಂದುಕೊಂಡಿದ್ದೆ, ದೇವರೇ ಕುರುಬ ಎಂದ ಮೇಲೆ ಮಕ್ಕಳು ಇನ್ನೇನಾಗುತ್ತಾರೆ, ಹೆಣ್ಣು ಕೊಡುವ ಮುಂಚೆ ನಮ್ಮಲ್ಲಿ ಕೇಳಲೇಬೇಕಾದ ಒಂದು ಮಾತಿದೆ, ಮದುವೆಯಲ್ಲಿ ಕೈಗೆ ಉಣ್ಣೆಯ ದಾರ ಕಟ್ಟುವವರು ಒಂದು ಬಗೆ, ಹತ್ತಿಯ ದಾರ ಕಟ್ಟುವವರು ಒಂದು ಬಗೆ, ಇವರಲ್ಲಿ ಅವರು ಹೆಣ್ಣು ತರುವುದಿಲ್ಲ, ಅದಕ್ಕೆ ಕೇಳಿದೆ, ನಿಮ್ಮ ದೇವರು ಉಣ್ಣೆ ಕಂಕಣದೋನೋ ಹತ್ತಿ ಕಂಕಣದೋನೋ. ದೀನಮ್ಮ ಮುಖ ಮುಖ ನೋಡಿದಳು. ನಮ್ಮಲ್ಲಿ ಕಂಕಣ ಇಲ್ಲ ಅಜ್ಜಿ, ಉಂಗುರ, ಅಂದಳು. ಹಾಗಾದರೆ ಉಂಗುರದ ಕುರುಬರು ಎಂಬ ಮೂರನೆಯ ಬಗೆಯೂ ಇರಬೇಕು, ನಾಡು ದೊಡ್ಡದು, ನಾನು ಕಂಡದ್ದೆಷ್ಟು, ಎಂದುಕೊಂಡು ಎಲೆ ಅಡಿಕೆ ಕೊಟ್ಟು ಮಾತು ಕೊಟ್ಟು ಬಂದೆ, ಬಂದು ಕಟ್ಟೆಯ ಮೇಲೆ ಕೂತಿದ್ದವರ ಮುಂದೆ ಹಾಗೇ ಹೇಳಿದೆ.

ನಕ್ಕರು, ಎದೆ ಹಿಡಿದುಕೊಂಡು ನಕ್ಕರು, ಗೌಡರ ಮೂರ್ತಪ್ಪ ಕಣ್ಣೊರೆಸಿಕೊಂಡು ಇನ್ನೊಮ್ಮೆ ಹೇಳವ್ವ, ಯಾವ ಕುರುಬರು ಅಂದೆ ಎಂದು ಕೇಳಿ ಕೇಳಿ ಹೇಳಿಸಿದ, ನಗು ಮುಗಿದ ಮೇಲೆ ಮುಖ ಬದಲಾಯಿತು, ಅವರು ಕಿರಸ್ತಾನ್ರು ಕಣಜ್ಜಿ, ಅವರಿಗೆ ಕುರುಬನೂ ಇಲ್ಲ ಕುರಿಯೂ ಇಲ್ಲ, ಎಲೆ ಅಡಿಕೆ ವಾಪಸ್ ಇಸ್ಕಂಡು ಬಾ ಹೋಗು. ತಿಂದ ಎಲೆ ಅಡಿಕೆಯನ್ನು ಹೇಗೆ ವಾಪಸು ಇಸಿದುಕೊಳ್ಳುವುದು. ನಾನು ಮಾತು ಕೊಟ್ಟಿದ್ದು ತಪ್ಪು ತಿಳಿದುಕೊಂಡೇ ಇರಬಹುದು, ಆದರೆ ಕೊಟ್ಟದ್ದು ನನ್ನ ಬಾಯಿಯಿಂದಲೇ, ಬೇರೆಯವರ ಬಾಯಿಯಿಂದಲ್ಲ, ಮತ್ತೆ ಮನೆಗೆ ಬಂದು ನೋಡಿದರೆ ತಿಪ್ಪಿ ಒಲೆಯ ಮುಂದೆ ಕೂತು ಏನೂ ಕೇಳದೆ ಮುದ್ದೆ ತಿರುವುತ್ತಿದ್ದಾಳೆ, ಅವಳಿಗೆ ಎಲ್ಲ ಕೇಳಿಸಿದೆ, ಕಟ್ಟೆಯ ನಗು ಆ ಓಣಿಯ ತುದಿಯವರೆಗೂ ಕೇಳಿಸುತ್ತದೆ, ಅಜ್ಜಿ ನಿಂಗೆ ಅವಮಾನ ಆತಾ, ಅಂದಳು, ನನಗಾಗುವಷ್ಟು ಆಗಿ ಮುಗಿದಿದೆ, ನಿನಗೆ ಅವನು ಬೇಕಾ ಬ್ಯಾಡಾ ಅದು ಹೇಳು, ಅಂದೆ, ಬೇಕು, ಅಂದಳು, ಮುದ್ದೆ ಕೋಲನ್ನು ಬಿಡದೆಯೇ ಅಂದಳು. ಮುಗಿಯಿತಲ್ಲ. ಆಮೇಲೆ ನನ್ನ ಮಗ ರಂಗಪ್ಪ ಬಂದ, ಅವಳ ಅಪ್ಪ ಎನ್ನಿಸಿಕೊಂಡವನು, ಎರಡನೆಯವಳನ್ನು ಕಟ್ಟಿಕೊಂಡು ಊರ ಆ ತುದಿಗೆ ಹೋದ ಮೇಲೆ ಈ ತುದಿಗೆ ಬಂದದ್ದೇ ಅಪರೂಪ, ಬಾಗಿಲಲ್ಲೇ ನಿಂತು ಇವಳು ನನ್ನ ಪಾಲಿಗೆ ಇಲ್ಲ, ನಾನು ಆ ಮದುವೆಗೆ ಕಾಲಿಡಲ್ಲ, ನೀನೂ ಹೋದ್ರೆ ಮತ್ತೆ ನನ್ನ ಮನೆ ಬಾಗಿಲಿಗೆ ಬರಬ್ಯಾಡ ಎಂದ, ನಾನು ಬಂದಿದ್ದಾದ್ರೂ ಯಾವಾಗಲೋ ಎಂದೆ. ಕಟ್ಟೆಯವರೂ ತೀರ್ಮಾನ ಮಾಡಿದ್ದಾರೆ, ಬೆಂಕಿ ಕೊಡುವುದಿಲ್ಲ, ಬೀರಪ್ಪನ ಪೂಜೆಗೆ ಕರೆಯುವುದಿಲ್ಲ, ಸತ್ತರೆ ಹೊರಲು ಬರುವುದಿಲ್ಲ, ಮೂರ್ತಪ್ಪ ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಕೂಡ ಕೇಳಿದ, ಉಂಗುರದಜ್ಜಿ, ಸತ್ತಾಗ ಯಾರು ಹೊರ್ತಾರೆ ನಿನ್ನ. ನೀವು ಹೊತ್ತದ್ದನ್ನ ನಾನು ಎದ್ದು ನೋಡ್ತೀನೇನಪ್ಪ, ಅಂದೆ. ಬಸ್ಸಿನಲ್ಲಿದ್ದವರು ನಕ್ಕರು, ಈ ಸಲ ನನ್ನ ಕಡೆಗೆ ನಕ್ಕರು.

ಅಯ್ಯನವರು ಹಾಡು ಯಾವುದು ಎಂದು ಕೇಳುತ್ತಿದ್ದಾರೆ, ದೀನಮ್ಮ ಎರಡು ಹೇಳುತ್ತಾಳೆ, ಜೀವರತ್ನ ಚಿಕ್ಕದಿರಲಿ ಎನ್ನುತ್ತಾನೆ, ಅದು ತೀರ್ಮಾನವಾಯಿತು, ಸೀರೆಯ ಮಾತು ಬಂತು, ಸೀರೆಯದು ಮೊದಲೇ ಮುಗಿದಿದೆ, ಬಿಳಿ ಸೀರೆ ಎಂದಿದ್ದಳು ದೀನಮ್ಮ, ಬಿಳಿ ಉಟ್ಟು ನಮ್ಮ ಕೂಸು ಹಸೆಗೆ ಬಂದರೆ ಗಂಡನ ಹೆಣ ಎದುರಿಗಿದ್ದ ಹಾಗೆ, ಬ್ಯಾಡ ಎಂದಿದ್ದೆ, ಬಿಳಿ ಅಂದ್ರೆ ಪವಿತ್ರ ಅಜ್ಜಿ ಎಂದಿದ್ದಳು, ಒಂದು ವಾರ ಜಗಳವಾಗಿ ಕೊನೆಗೆ ಬಿಳಿಗೆ ಅಂಗೈ ಅಗಲ ಕೆಂಪು ಅಂಚು, ಕೆಂಪು ಸೆರಗು ಎಂದಾಯಿತು, ಅದನ್ನು ತಾನು ಗೆದ್ದೆ ಎಂದು ಅವಳು ತಿಳಿದಿದ್ದಾಳೆ, ಹಾಗೆ ತಿಳಿಯಲಿ ಎಂದು ನಾನೂ ಬಿಟ್ಟಿದ್ದೇನೆ. ತಾಳಿಯೂ ಇದೆ, ಶಿಲುಬೆ ಇರುವ ತಾಳಿ, ಉಂಗುರವೂ ಇದೆ, ಎರಡೂ ಇರಲಿ, ಗಟ್ಟಿಯಾಗಲಿ. ಈಗ ದೀನಮ್ಮ ಎದ್ದು ಅಯ್ಯನವರ ಹತ್ತಿರ ಹೋಗಿ ದನಿ ತಗ್ಗಿಸಿ ಹೇಳುತ್ತಿದ್ದಾಳೆ, ಅಯ್ಯನೋರೆ, ಹೆಸರು ಓದೋವಾಗ ಶಾಂತ ಅಂತ ಓದ್ರಿ, ಆ ಹಳೇ ಹೆಸರು ಬ್ಯಾಡ, ಜನ ಬಂದಿರ್ತಾರೆ, ತಿಪ್ಪೆ ಗಿಪ್ಪೆ ಅಂತ ಯಾಕೆ. ತಗ್ಗಿಸಿದರೂ ನನಗೆ ಕೇಳುತ್ತದೆ, ಗುಡ್ಡದ ಆ ಕಡೆ ಮರಿ ಕೂಗಿದರೆ ಈ ಕಡೆ ಕೇಳಿಸಿಕೊಂಡ ಕಿವಿ. ಹೋದ ತಿಂಗಳು ತಲೆಗೆ ನೀರು ಹಾಕಿ ದೀಕ್ಷೆ ಕೊಟ್ಟಾಗ ಶಾಂತ ಎಂದು ಇಟ್ಟಿದ್ದಾರೆ, ಇಡಲಿ, ಎರಡು ಹೆಸರಿದ್ದರೆ ಎರಡು ಕಡೆಯವರು ಕರೆಯಬಹುದು, ಆದರೆ ತಿಪ್ಪೆ ಗಿಪ್ಪೆ — ಆ ತಿಪ್ಪೆಯ ವಿಷಯ ದೀನಮ್ಮನಿಗೇನು ಗೊತ್ತು, ಅಯ್ಯನವರಿಗೇನು ಗೊತ್ತು, ಕರಿ ಕೋಟಿನ ಮೇಷ್ಟ್ರಿಗೇನು ಗೊತ್ತು, ಅವತ್ತು ಅಲ್ಲಿದ್ದದ್ದು ನಾನು, ನನ್ನ ಸೊಸೆ ಓಬವ್ವ, ಮತ್ತೆ ಒಂಬತ್ತು ದಿನದ್ದೋ ಹತ್ತು ದಿನದ್ದೋ ಒಂದು ಕೂಸು.

ಓಬವ್ವ ಇವಳಿಗಿಂತ ಮುಂಚೆ ಎರಡು ಹೆತ್ತು ಎರಡನ್ನೂ ಮಣ್ಣಿಗೆ ಕೊಟ್ಟಿದ್ದಳು, ಹಾಗೆ ಕೂಸು ನಿಲ್ಲದ ಮನೆಯಲ್ಲಿ ಮುಂದೆ ಹುಟ್ಟಿದ್ದನ್ನು ಒಯ್ದು ತಿಪ್ಪೆಯ ಮೇಲೆ ಇಡುತ್ತಾರೆ, ಇದು ನಮಗೆ ಬೇಡ, ಕಸ, ಎಂದು ತಾಯಿಯೇ ಗಟ್ಟಿಯಾಗಿ ಅನ್ನಬೇಕು, ಸಾವಿಗೆ ಕೇಳಿಸುವ ಹಾಗೆ ಅನ್ನಬೇಕು, ಆಮೇಲೆ ಇನ್ನೊಬ್ಬರು ಬಂದು ಕಸದಲ್ಲಿ ಕೂಸು ಸಿಕ್ಕಿತು ಎಂದು ಮೊರದಲ್ಲಿ ಎತ್ತಿಕೊಳ್ಳಬೇಕು, ಆಗ ಅದು ಎತ್ತಿಕೊಂಡವರದ್ದು, ತಾಯಿ ಒಂದು ಮೊರ ತೌಡು ಕೊಟ್ಟು ಅವರಿಂದ ಅದನ್ನು ಕೊಂಡುಕೊಳ್ಳಬೇಕು, ತೌಡಿಗೆ ಕೊಂಡ ಕೂಸಿನ ಮೇಲೆ ಸಾವಿಗೆ ಕಣ್ಣು ಬೀಳುವುದಿಲ್ಲ, ಅದಕ್ಕೇ ಊರಿಗೊಬ್ಬ ತಿಪ್ಪ, ಊರಿಗೊಬ್ಬಳು ತಿಪ್ಪಮ್ಮ. ಓಬವ್ವನಿಗೆ ಬಾಯಿ ಬರಲಿಲ್ಲ, ಕಸ ಎಂಬ ಮಾತು ಬಾಯಿಗೆ ಬರಲಿಲ್ಲ, ತಿಪ್ಪೆಯ ಪಕ್ಕ ನಿಂತು ತುಟಿ ಕಚ್ಚಿಕೊಂಡಿದ್ದಾಳೆ, ಮೊಲೆಯ ಹಾಲು ಕುಪ್ಪಸ ನೆನೆಸಿದೆ, ಅನ್ನೇ ಹುಡುಗಿ ಎಂದು ನಾನು ಗದರಿದೆ, ಅಂದಳು, ಅಂದು ಬಿಕ್ಕಿದಳು, ನಾನು ಮೊರ ಚಾಚಿ ಎತ್ತಿಕೊಂಡೆ, ಬೂದಿ, ಹುಲ್ಲು, ಕುರಿ ಹಿಕ್ಕೆ ಎಲ್ಲ ಮೆತ್ತಿಕೊಂಡು ಕೂಸು ಮೊರದಲ್ಲಿ ಕೈಕಾಲು ಬಡಿಯಿತು, ಒಂದು ಹಿಡಿ ಇತ್ತು ಅಷ್ಟೆ, ನಾನು ಅದರ ಕಿವಿಯಲ್ಲಿ ನಂದು ಎಂದೆ. ತೌಡು ಕೊಡಬೇಕಿತ್ತು. ಮೊದಲು ಮೀಯಿಸಿ ಹಾಲು ಕೊಡು, ತೌಡಿಗೇನು ಅವಸರ, ನಾನೆಲ್ಲಿ ಓಡಿ ಹೋಗ್ತೀನಿ ಎಂದೆ. ಅವತ್ತು ಸಂಜೆಗೆ ಓಬವ್ವನ ಮೈ ಸುಡತೊಡಗಿತು, ಬಾಣಂತಿ ಜ್ವರ, ಗಾಡಿ ಕಟ್ಟಿ ಹೊಳಲ್ಕೆರೆಗೆ ಹೋಗುವಷ್ಟರಲ್ಲಿ ಮಾತು ನಿಂತಿತು, ವಾಪಸು ಗಾಡಿಯಲ್ಲಿ ಮಲಗಿಸಿಕೊಂಡು ಬಂದದ್ದು ನಾನೇ. ತೌಡು ಹಾಗೇ ಉಳಿಯಿತು, ಮೊರದಲ್ಲಿ ತುಂಬಿಸಿ ಮೂಲೆಯಲ್ಲಿಟ್ಟಿದ್ದಳು ಪಾಪ, ಕೊಡಲೆಂದೇ ಇಟ್ಟಿದ್ದಳು, ಆಮೇಲೆ ಎಂದೋ ಕುರಿಗೆ ಹಾಕಿದೆ. ತೌಡು ಇಸ್ಕಂಡು ಕೂಸನ್ನು ರಂಗಪ್ಪನಿಗೆ ಕೊಡು ಎಂದು ಆಗ ಕೆಲವರು ಹೇಳಿದ್ದರು, ಅವನು ಹೆಣ್ಣು ಕೂಸಿಗೆ ಯಾರು ತೌಡು ಕೊಡ್ತಾರೆ ಎಂದ, ಸರಿ ಬಿಡು ಎಂದೆ. ಹಾಗಾಗಿ ಕೊಂಡವರು ಯಾರೂ ಇಲ್ಲ. ಈ ಕೂಸು ಇವತ್ತಿಗೂ ನಾನು ತಿಪ್ಪೆಯಿಂದ ಎತ್ತಿಕೊಂಡದ್ದೇ, ನನ್ನ ಹತ್ತಿರವೇ ಉಳಿದದ್ದೇ, ಇದನ್ನು ಕೊಡುವುದಾದರೆ ಕೊಡಬೇಕಾದವಳು ಒಬ್ಬಳೇ, ಆ ಒಬ್ಬಳು ಕಾಲು ಇಳಿಬಿಟ್ಟು ಇವರ ಬೆಂಚಿನ ಮೇಲೆ ಕೂತಿದ್ದಾಳೆ, ಇವರು ಯಾರೂ ಇಲ್ಲವಾದ್ದರಿಂದ ಎನ್ನುತ್ತಿದ್ದಾರೆ.

ಇಳಿದೆ, ಬೆಂಚಿನಿಂದ ಇಳಿಯುವುದೂ ಒಂದು ಕೆಲಸವೇ, ಜೀವರತ್ನ ಕೈ ಕೊಡಲು ಬಂದ, ಬ್ಯಾಡ ಎಂದೆ, ಅಂಗಾಲಿಗೆ ನೆಲ ಸಿಕ್ಕಿತು, ಸಿಕ್ಕಿದ ಮೇಲೆ ಬಾಯಿಗೂ ಮಾತು ಸಿಕ್ಕಿತು. ಅಯ್ಯನೋರೆ, ನಾನು ಕೊಡ್ತೀನಿ, ಅಂದೆ. ಅವರು ಏನನ್ನು ಅಜ್ಜಿ ಎಂದರು, ನಾನು ಏನೋ ಕಾಣಿಕೆ ತಂದಿದ್ದೇನೆ ಎಂದುಕೊಂಡರೋ ಏನೋ. ನಮ್ಮ ಕೂಸನ್ನ. ಅಯ್ಯನವರು ನಿಧಾನಕ್ಕೆ ಬಿಡಿಸಿ ಹೇಳಿದರು, ಪದ್ಧತಿಯಂತೆ ತಂದೆ, ತಂದೆ ಇಲ್ಲದಿದ್ದರೆ ಅಣ್ಣ ಅಥವಾ ಚಿಕ್ಕಪ್ಪ, ಯಾರೂ ಇಲ್ಲದಿದ್ದರೆ ಸಭೆಯ ಹಿರಿಯರೊಬ್ಬರು, ಸತ್ಯನಾಥ ಮೇಷ್ಟ್ರು ಒಪ್ಪಿಕೊಂಡಿದ್ದಾರೆ, ಅವರು ಒಳ್ಳೆಯವರು. ಒಳ್ಳೆಯವರಲ್ಲ ಎಂದು ನಾನು ಅಂದೆನೇನು. ನಾನು ಅವರಿಗೆ ತಿಪ್ಪೆಯ ವಿಷಯ ಹೇಳಿದೆ, ಮೊರದ ವಿಷಯ, ತೌಡಿನ ವಿಷಯ, ಕೊಟ್ಟಿಲ್ಲದ್ದು, ಕೊಳ್ಳದೆ ಉಳಿದದ್ದು, ಹೇಳುವಾಗ ದೀನಮ್ಮ ಕೆಳಗೆ ನೋಡುತ್ತಿದ್ದಳು, ಮೇಷ್ಟ್ರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು, ಅಯ್ಯನವರಿಗೆ ಅರ್ಧ ಹಿಡಿಸಿತು ಅರ್ಧ ಹಿಡಿಸಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತದೆ, ಅವರು ಕೈಯಲ್ಲಿದ್ದ ಪುಸ್ತಕವನ್ನು ತಿರುವಿ ಹಾಕತೊಡಗಿದರು. ನಾನು ಕೇಳಿದೆ, ನಾನು ಗಂಡ ಸತ್ತೋಳು, ನಮ್ಮಲ್ಲಿ ಮುಂಡೇರು ಧಾರೆ ಹತ್ರ ಸುಳಿಯಂಗಿಲ್ಲ, ನಿಮ್ಮ ಪುಸ್ತಕದಾಗೂ ಹಂಗೇ ಬರದೈತೇನ್ರಿ. ಅಯ್ಯನವರು ತಿರುವುವುದನ್ನು ನಿಲ್ಲಿಸಿ ಇಲ್ಲ ಅಜ್ಜಿ, ಹಾಗೆ ಏನೂ ಇಲ್ಲ, ವಿಧವೆಯರಿಗೆ ಇಲ್ಲಿ ಅಂಥ ಭೇದವಿಲ್ಲ, ಎಂದರು. ಹೆಂಗಸರು ಕೊಡಬಾರದು ಅಂತ ಐತಾ. ಬರೆದಿಲ್ಲ. ನಾನು ನಿಮ್ಮೋಳಲ್ಲ, ಬೀರಪ್ಪನ ಒಕ್ಕಲು, ಅಂಥೋಳು ಕೊಡಬಾರದು ಅಂತ ಐತಾ. ಅವರು ಹಾಳೆಯ ಮೇಲೆ ಬೆರಳಿಟ್ಟು ಓದಿ, ಕೊಡುವವರು ಯಾರು ಎಂದು ಕೇಳಬೇಕು ಎಂದು ಮಾತ್ರ ಇದೆ ಅಜ್ಜಿ, ಕೊಡುವವರು ಯಾವ ದೇವರ ಒಕ್ಕಲು ಎಂದು ಕೇಳಬೇಕೆಂದು ಇಲ್ಲ, ಎಂದರು. ಆದರೆ ದೀನಮ್ಮ ಬಾಯಿ ತೆರೆದಳು, ಸಭೆಯೋರು ಏನಂತಾರೋ ಅಯ್ಯನೋರೆ, ಈಯಮ್ಮ ಹಣೆಗೆ ಭಂಡಾರ ಹಚ್ಕಂಡು ಕರಿ ಕಂಬಳಿ ಹೊದ್ಕಂಡು ಬಂದ್ರೆ. ಹೌದು, ಹೊದ್ದುಕೊಂಡೇ ಬರುತ್ತೇನೆ, ನಮ್ಮಲ್ಲಿ ಶುಭದ ದಿನ ಕಂಬಳಿ ಇಲ್ಲದೆ ಯಾವುದೂ ನಡೆಯುವುದಿಲ್ಲ. ನಾನು ಅವಳ ಕಡೆ ತಿರುಗಿ ಹೇಳಿದೆ, ನಮ್ಮೂರೋರು ಅಂದಿದ್ದಕ್ಕಿಂತ ಜಾಸ್ತಿ ನಿಮ್ಮ ಸಭೆಯೋರು ಏನಂತಾರವ್ವ, ಬೆಂಕಿ ಕೊಡಲ್ಲ ಅಂತಾರಾ, ಹೊರಲ್ಲ ಅಂತಾರಾ, ಅದನ್ನೆಲ್ಲ ಕೇಳಿಸ್ಕಂಡೇ ಬಂದೀನಿ. ನಿನ್ನ ದೇವರು ಕುರುಬ ಅಂತ ನೀನೇ ಅಂದೆ, ಕುರುಬನ ಗುಡಿಗೆ ಕಂಬಳಿ ಬರಬಾರದು ಅಂದ್ರೆ ಆ ಕ್ಯಾಲೆಂಡರು ತೆಗೆದುಬಿಡು.

ಮೊದಲು ನಕ್ಕದ್ದು ಮೇಷ್ಟ್ರು, ಕೆಮ್ಮಿದ ಹಾಗೆ ನಕ್ಕರು, ಅಯ್ಯನವರೇ ನಾನು ಬಿಟ್ಟುಕೊಡುತ್ತೇನೆ, ಕೋಟಿಗೆ ಇಸ್ತ್ರಿ ಮಾಡಿಸಿದ್ದು ದಂಡ ಆಯಿತು ಅಷ್ಟೆ, ಎಂದರು. ಜೀವರತ್ನ ತಾಯಿಯ ಕಿವಿಯಲ್ಲಿ ಏನೋ ಹೇಳಿದ, ಅವಳು ಅವನ ಭುಜಕ್ಕೆ ಒಂದು ಏಟು ಕೊಟ್ಟು ಮುಖ ಆ ಕಡೆ ಮಾಡಿ ಕಣ್ಣೊರೆಸಿಕೊಂಡು ಬೀಗಿತ್ತಿ ಬಲು ಗಟ್ಟಿ ಎಂದಳು, ಇಷ್ಟು ದಿನ ಅಜ್ಜಿ ಎನ್ನುತ್ತಿದ್ದವಳು ಬೀಗಿತ್ತಿ ಎಂದಳು, ನಾನು ಕೇಳದವಳ ಹಾಗೆ ನಿಂತೆ. ಹೆಸರು ಎಂದು ಅಯ್ಯನವರು ನೆನಪಿಸಿದರು, ಆಗ ತಿಪ್ಪಿ, ಬಂದಾಗಿನಿಂದ ತಲೆಯಾಡಿಸಿದ್ದು ಬಿಟ್ಟರೆ ಬಾಯಿ ಬಿಡದಿದ್ದವಳು, ಎರಡೂ ಓದ್ರಿ ಅಯ್ಯನೋರೆ, ತಿಪ್ಪಮ್ಮ ಅಂತ ಮೊದಲು ಓದಿ ಆಮೇಲೆ ಶಾಂತ ಅಂತ ಓದ್ರಿ, ಎಂದಳು. ಸರಿ ಎಂದರು. ಎಲ್ಲ ಸರಿ ಎಂದರು, ಒಂದು ಮಧ್ಯಾಹ್ನಕ್ಕೆ ನಾನು ಇಷ್ಟು ಸರಿ ಕೇಳಿದ್ದೇ ಇಲ್ಲ. ಹಾಗಾದರೆ ಒಂದು ಸಲ ಅಭ್ಯಾಸ ಮಾಡಿಬಿಡೋಣ ಎಂದರು ಅಯ್ಯನವರು, ಗುರುವಾರ ತಡವರಿಸಬಾರದು, ಅಜ್ಜಿ ನೀವು ಹುಡುಗಿಯ ಕೈ ಹಿಡಿದು ಆ ಬಾಗಿಲಿನಿಂದ ಇಲ್ಲಿಗೆ ಬರಬೇಕು, ನಾನು ಕೇಳುತ್ತೇನೆ, ಕೊಡುವವರು ಯಾರು ಎಂದು, ನೀವು ನಾನು ಎಂದು ಹೇಳಿ ಅವಳ ಕೈಯನ್ನು ನನ್ನ ಕೈಗೆ ಕೊಟ್ಟು ಹಿಂದೆ ಸರಿಯಬೇಕು, ನಾನು ಅದನ್ನು ಗಂಡಿನ ಕೈಗೆ ಕೊಡುತ್ತೇನೆ, ಅಷ್ಟೆ, ಸುಲಭ.

ಬಾಗಿಲ ಹತ್ತಿರ ಬಂದೆವು, ಹೊರಗೆ ಬಿಸಿಲು, ಯಾವುದೋ ಬಸ್ಸು ಹಾರ್ನು ಹೊಡೆಯುತ್ತಾ ಹೋಯಿತು, ಸಿರಿಗೆರೆಯದೋ ಹಿರಿಯೂರಿನದೋ, ಹಿರಿಯೂರಿನದೇ ಇರಬೇಕು, ಇವಳು ಇನ್ನು ಮುಂದೆ ಹತ್ತಬೇಕಾದ ಬಸ್ಸು, ಜೀವರತ್ನನಿಗೆ ಅಲ್ಲಿಗೇ ವರ್ಗವಾಗಿದೆ, ಕಂಬಗಳು ಎಲ್ಲ ಕಡೆ ಇವೆ. ಕೈ ಕೊಡೇ ಎಂದೆ, ಕೊಟ್ಟಳು, ಬೆವೆತ ಕೈ, ಹೊಲಿಗೆ ಮಿಷನ್ನು ತುಳಿದು ತುಳಿದು ಕಾಲು ಗಟ್ಟಿ, ಕೈ ಮಾತ್ರ ಮೆತ್ತಗೆ, ಅವಳ ಹೆಬ್ಬೆರಳು ನನ್ನ ಅಂಗೈಯ ನಡುವೆ ಬಂದು ಕೂತಿತು. ನಡಿ. ಎರಡೂ ಕಡೆ ಖಾಲಿ ಬೆಂಚುಗಳು, ಗುರುವಾರ ಇಲ್ಲೆಲ್ಲ ಜನ, ಈ ಕಡೆ ಅವರವರು, ಆ ಕಡೆ ನಮ್ಮವರು ಕೂರಬೇಕಾದ ಸಾಲು ಖಾಲಿಯೇ ಇರುತ್ತದೆ, ಇರಲಿ, ಖಾಲಿ ಬೆಂಚಿನ ಮುಂದೆಯೇ ನಡೆದು ಹೋಗುತ್ತೇನೆ, ತಲೆ ಎತ್ತಿಯೇ ನಡೆಯುತ್ತೇನೆ, ಮೂರ್ತಪ್ಪ ಎದುರಿಗೆ ಬಂದರೂ ಎತ್ತಿಯೇ, ನನ್ನ ಪಾದದ ಧೂಳು ತೊಳೆದ ನೆಲದ ಮೇಲೆ ಒಂದೊಂದೇ ಒತ್ತಿ ಬರುತ್ತಿದೆ, ಬರಲಿ, ಅವಳು ಸಣ್ಣಗೆ ಅಜ್ಜಿ ನಿಧಾನ ಎನ್ನುತ್ತಾಳೆ, ನಾನು ಅವಸರ ಮಾಡುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ, ಹೆಬ್ಬೆರಳು ಒತ್ತಿತು, ನಿಧಾನ ಮಾಡಿದೆ. ಗೆದ್ದೆನಲ್ಲ, ಊರನ್ನೂ ಗೆದ್ದೆ ಇವರನ್ನೂ ಗೆದ್ದೆ, ಕೊಡುವವಳು ನಾನೇ ಎಂದು ಒಪ್ಪಿಸಿದೆ, ಕೊಡುವವಳು ನಾನು — ಕೊಡುವವಳು ಎಂದರೆ ಕೊಡಬೇಕು, ಅದನ್ನು ನಾನು ಅಷ್ಟೆಲ್ಲ ಮಾತಿನಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಜೀವರತ್ನ ಬಲಗಡೆ ನಿಂತಿದ್ದಾನೆ, ಕಿವಿ ಕೆಂಪಾಗಿದೆ. ಅಯ್ಯನವರು ಪುಸ್ತಕ ತೆರೆದು ಗುರುವಾರದ ದನಿಯಲ್ಲಿ ಕೇಳಿದರು, ತಿಪ್ಪಮ್ಮ ಶಾಂತ ಎಂಬ ಈ ಹುಡುಗಿಯನ್ನು ಈ ಮನುಷ್ಯನಿಗೆ ಮದುವೆ ಮಾಡಿಕೊಡುವವರು ಯಾರು. ನಾನು, ಅಂದೆ. ಗಟ್ಟಿಯಾಗಿಯೇ ಅಂದೆ, ಮಾಡಿಗೆ ಬಡಿದು ವಾಪಸು ಬಂತು, ನಾನು ಎಂದು ಚರ್ಚೂ ಅಂದಿತು. ಈಗ ಕೈ ಕೊಡಿ ಅಜ್ಜಿ, ಎಂದರು, ಕೈ ಚಾಚಿದ್ದಾರೆ. ಕೊಡಬೇಕು. ಒಂದೊಂದೇ ಬೆರಳು ಬಿಚ್ಚಿದೆ, ಕಿರುಬೆರಳು, ಅದರ ಪಕ್ಕದ್ದು, ನಡುವಿನದು, ಎಲ್ಲ ಬಿಚ್ಚಿದೆ, ಅಂಗೈ ಮೇಲಾಗಿದೆ, ಪೂರ್ತಿ ತೆರೆದಿದೆ, ನಾನು ಹಿಡಿದಿಲ್ಲ, ನೋಡಿ, ನಾನು ಹಿಡಿದಿಲ್ಲ, ಅಯ್ಯನವರು ಇನ್ನೊಮ್ಮೆ ಬಿಡಿ ಅಜ್ಜಿ ಎನ್ನುತ್ತಾರೆ, ಬಿಟ್ಟೀನಲ್ಲ, ನಂದು ಬಿಟ್ಟಾಗಿದೆ, ಅಂಗೈಯ ನಡುವೆ ಅವಳ ಹೆಬ್ಬೆರಳು, ಉಗುರಿನ ಸುತ್ತ ಬೆಳ್ಳಗಾಗುವಷ್ಟು ಒತ್ತಿ ಹಿಡಿದ ಹೆಬ್ಬೆರಳು, ಅವಳು ಮುಂದೆ ನೋಡುತ್ತಾ ನಿಂತಿದ್ದಾಳೆ, ಯಾರೂ ಎಳೆಯಬೇಡಿ ಅದನ್ನು, ಅದು ತಾನಾಗಿ ಏಳಲಿ, ನಾನು ಕಾಯುತ್ತೇನೆ, ಕಾಯುವುದು ನನಗೆ ಬರುತ್ತದೆ — ಹೆಬ್ಬೆರಳು, ಬೆಳ್ಳಗಾದ ಉಗುರು, ಹೆಬ್ಬೆರಳು —